ಉಡದ ಪಟ್ಟು

ಹಿಡಿದ ಮಾತನ್ನು ಬಿಡದವನನ್ನು ಕಂಡರೆ ‘ಅವನದು ಉಡದ ಪಟ್ಟು’ ಎನ್ನುವುದು ನಮ್ಮ ನಾಡಿನ ರೂಢಿ. ಈ ಮಾತನ್ನು ಆಡುವವರಲ್ಲಿ ಉಡವನ್ನು ಹತ್ತಿರದಿಂದ ಕಂಡವರು ಕಡಮೆ; ಅದು ಏಕೆ ಪಟ್ಟು ಹಿಡಿಯುತ್ತದೆಂದು ಯೋಚಿಸಿದವರು ಇನ್ನೂ ಕಡಮೆ. ಕಲ್ಲಿನ ಸಂದಿನಲ್ಲಿ ಹೊಕ್ಕ ಉಡವನ್ನು ಬಾಲ ಹಿಡಿದು ಎಳೆದರೆ ಅದು ಮೈಯನ್ನು ಉಬ್ಬಿಸಿಕೊಂಡು, ಉಗುರುಗಳನ್ನು ಕಲ್ಲಿಗೆ ಊರಿ ನಿಂತುಬಿಡುತ್ತದೆ. ಎಳೆದಷ್ಟೂ ಅದರ ಹಿಡಿತ ಬಿಗಿಯಾಗುತ್ತದೆ. ನೋಡುವವರಿಗೆ ಅದು ಹಟದಂತೆ, ಕೆಲವೊಮ್ಮೆ ಕೋಪದಂತೆ ತೋರುತ್ತದೆ. ನಿಜವಾಗಿ ಅದು ಏನು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಬಹಳ ವರ್ಷಗಳೇ ಬೇಕಾದವು.

ನಮ್ಮ ಬಾಗಲಕೋಟೆ ಜಿಲ್ಲೆಗೂ ಉಡಕ್ಕೂ ಹಳೆಯ ನಂಟು. ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಹೆಸರಿನಲ್ಲಿಯೇ ಉಡ ಅಡಗಿದೆ; ಮರಾಠಿ ಭಾಷೆಯಲ್ಲಿ ‘ಘೋರ್ಪಡ’ ಎಂದರೆ ಉಡ. ಬಹಮನಿ ಮಂತ್ರಿಯಾದ ಮಹಮೂದ ಗವಾನನ ಸೈನ್ಯವು ಇಂದು ವಿಶಾಲಗಡವೆನಿಸಿರುವ ಖೇಳಣಾ ಕೋಟೆಯನ್ನು ಮುತ್ತಿದಾಗ, ಈ ಮನೆತನದ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಅದನ್ನು ಗೋಡೆಯೇರಿಸಿ, ಆ ಹಗ್ಗ ಹಿಡಿದು ಕೋಟೆ ಹತ್ತಿದರೆಂದೂ, 1471ರಲ್ಲಿ ಈ ಸಾಹಸಕ್ಕಾಗಿಯೇ ಅವರಿಗೆ ಆ ಬಿರುದು ದೊರೆಯಿತೆಂದೂ ಐತಿಹ್ಯವಿದೆ. 1670ರಲ್ಲಿ ತಾನಾಜಿ ಸಿಂಹಗಡವನ್ನು ಗೆದ್ದ ಸಂದರ್ಭದಲ್ಲಿಯೂ ಇಂಥದೇ ಒಂದು ಉಡದ ಕಥೆಯನ್ನು ಮರಾಠಿ ಜನ ಹೇಳುತ್ತಾರೆ. ಪೂರ್ತಿ ಬೆಳೆದ ಉಡವೂ ಏಳೆಂಟು ಕಿಲೋಗ್ರಾಂ ತೂಕವನ್ನು ಮೀರುವುದು ಅಪರೂಪ. ಅಷ್ಟು ಚಿಕ್ಕ ಪ್ರಾಣಿ ಆಯುಧಪಾಣಿಯಾದ ಸೈನಿಕನ ಭಾರವನ್ನು ಹೊತ್ತೀತೆ ಎಂಬುದು ಬೇರೆಯ ಮಾತು. ಅದರ ಹಿಡಿತವನ್ನು ನಮ್ಮ ಹಿರಿಯರು ಎಷ್ಟು ಬೆರಗಿನಿಂದ ಕಂಡಿದ್ದರೆಂಬುದಂತೂ ಈ ಕಥೆಗಳಿಂದ ತಿಳಿಯುತ್ತದೆ.

ಉಡವು ಹಲ್ಲಿಯ ಬಳಗಕ್ಕೆ ಸೇರಿದ ಸರೀಸೃಪ. ಮೂತಿಯಿಂದ ಬಾಲದ ತುದಿಯವರೆಗೆ ಒಂದೂವರೆ ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲುದು. ಹುತ್ತ, ಬಿಲ, ಮರದ ಪೊಟರೆ, ಕಲ್ಲಿನ ಸಂದು ಇವು ಅದರ ಮನೆಗಳು. ಜೀರುಂಡೆ, ಇತರ ಕೀಟಗಳು, ಬಸವನ ಹುಳು, ಏಡಿ, ಕಪ್ಪೆ, ಇಲಿ, ಹಕ್ಕಿಯ ಮೊಟ್ಟೆ ಇವು ಅದರ ಆಹಾರ. ಹೊಲದ ಕೀಟಗಳನ್ನೂ ಇಲಿಗಳನ್ನೂ ತಿನ್ನುವುದರಿಂದ ರೈತನಿಗೆ ಅದು ಕೂಲಿ ಬೇಡದ ಆಳು ಎನ್ನಬಹುದು.

ನಾನು ಹುಟ್ಟಿ ಬೆಳೆದುದು ಹುನಗುಂದ ಸೀಮೆಯ ಮರೋಳದಲ್ಲಿ. ಇತ್ತೀಚಿನ ವರ್ಷಗಳಲ್ಲಿ ಆ ಊರಿನ ಹೆಸರು ಹನಿ ನೀರಾವರಿ ಯೋಜನೆಯೊಡನೆ ಕೇಳಿಬರುತ್ತಿದೆ. ನನ್ನ ಬಾಲ್ಯದಲ್ಲಿ ಅದು ಮಳೆಯನ್ನೇ ನಂಬಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಎರೆಹೊಲಗಳ ಊರು. 1970ರ ಬೇಸಗೆಯಲ್ಲಿ ನನಗೆ ಹನ್ನೆರಡು ವರ್ಷ. ನಮ್ಮ ಹೊಲದ ಬದುವಿನ ಕಲ್ಲುಗಳನ್ನು ಸರಿಪಡಿಸುತ್ತಿದ್ದಾಗ ಒಂದು ಕಲ್ಲು ಉರುಳಿ, ಸಂದಿನಲ್ಲಿದ್ದ ಎಳೆಯ ಉಡವೊಂದರ ಮುಂಗಾಲಿನ ಮೇಲೆ ಬಿತ್ತು. ಸುಮಾರು ಎರಡು ಅಡಿ ಉದ್ದದ ಪ್ರಾಣಿ. ಒಂದು ಬೆರಳು ಜಜ್ಜಿ ಹೋಗಿತ್ತು. ಕೊಲ್ಲಬೇಕೆಂದು ಕೆಲವರು ಕೋಲೆತ್ತಿದರು. ನಾನು ಅಳುತ್ತ ಅಡ್ಡ ನಿಂತು ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ವನ್ಯಜೀವಿಗಳನ್ನು ಕಾಪಾಡುವ 1972ರ ಕಾಯಿದೆ ಆಗಿನ್ನೂ ಬಂದಿರಲಿಲ್ಲ.

ಕೋಟೆಯ ಕಥೆಯನ್ನು ಕೇಳಿದ್ದ ನಾನು ಉಡದ ಸೊಂಟಕ್ಕೆ ಹಗ್ಗ ಬಿಗಿದು, ಹಿತ್ತಲಿನ ಬರಿದಾದ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದೆ. ಅದನ್ನು ಪಳಗಿಸಿ ಗೆಳೆಯರ ಮುಂದೆ ಗೋಡೆ ಹತ್ತಿಸಬೇಕೆಂಬುದು ನನ್ನ ಹುಡುಗುಬುದ್ಧಿಯ ಹಂಬಲ. ನಾನು ಬಳಿಗೆ ಹೋದಾಗಲೆಲ್ಲ ಅದು ಗಂಟಲನ್ನು ಉಬ್ಬಿಸಿ ಬುಸುಗುಡುತ್ತಿತ್ತು. ಬಾಲವನ್ನು ಚಾವಟಿಯಂತೆ ಬೀಸುತ್ತಿತ್ತು. ಮೂರನೆಯ ದಿನ ಹಗ್ಗ ಹಿಡಿದು ಜಗ್ಗಿದಾಗ ತಿರುಗಿ ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ನಾನು ಕೈಯನ್ನು ಎಳೆದುಕೊಂಡಷ್ಟೂ ಅದರ ದವಡೆ ಬಿಗಿಯಾಯಿತು. ಆ ಗಾಯದ ಕಲೆ ಇಂದಿಗೂ ನನ್ನ ಕೈಮೇಲಿದೆ.

ನನ್ನ ಕೂಗು ಕೇಳಿ ಬಂದವರು ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು. ಅವರು ಓದು ಬರಹ ಕಲಿತವರಲ್ಲ. ನನ್ನ ಕೈಯನ್ನು ಅಲುಗಾಡಿಸದೆ ನೆಲಕ್ಕೆ ಊರಿಸಿದರು. ಉಡದ ಮೈಯನ್ನೂ ನೆಲಕ್ಕೆ ತಾಗುವಂತೆ ಇಳಿಸಿದರು. ಕಾಲಿಗೆ ನೆಲ ಸಿಕ್ಕಿ, ಎಳೆತ ನಿಂತ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಬಾಯಿ ಬಿಟ್ಟಿತು. ಅನಂತರ ಅವರು ನನಗೆ ಹೇಳಿದ ಮಾತು ಇಷ್ಟೇ: “ಅದಕ್ಕ ಸಿಟ್ಟಿಲ್ಲ ತಮ್ಮಾ, ಅಂಜಿಕಿ ಐತಿ. ನೀ ಜಗ್ಗಿದಷ್ಟೂ ಅದು ಅಂಜತೈತಿ. ಮೊದಲ ಹಗ್ಗ ಬಿಚ್ಚು.”

ಹಗ್ಗವನ್ನು ಬಿಚ್ಚಿದೆವು. ಕೊಟ್ಟಿಗೆಯ ಮೂಲೆಯಲ್ಲಿ ಒಡೆದ ಗಡಿಗೆಯೊಂದನ್ನು ಬೋರಲು ಹಾಕಿ ಅಡಗಲು ಜಾಗ ಮಾಡಿದೆವು. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟೆವು. ಬೆಳಗಿನ ಬಿಸಿಲು ಬೀಳುವೆಡೆ ಒಂದು ಚಪ್ಪಟೆ ಕಲ್ಲನ್ನು ಇರಿಸಿದೆವು. “ಇನ್ನು ಹದಿನೈದು ದಿನ ಇದನ್ನ ಮುಟ್ಟಬ್ಯಾಡ” ಎಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ನಾನು ದಿನವೂ ಒಂದೇ ಹೊತ್ತಿಗೆ ಹೋಗಿ, ದೂರದಲ್ಲಿ ಕುಳಿತು, ಪುಸ್ತಕ ಓದಿಕೊಂಡು ಬರುತ್ತಿದ್ದೆ. ಮೊದಮೊದಲು ನನ್ನ ನೆರಳು ಕಂಡರೆ ಸಾಕು, ಅದು ಗಡಿಗೆಯೊಳಗೆ ಸೇರುತ್ತಿತ್ತು. ಎರಡನೆಯ ವಾರ ಗಡಿಗೆಯ ಬಾಯಿಂದ ಸೀಳುನಾಲಗೆ ಮಾತ್ರ ಹೊರಬಂದು ಗಾಳಿಯನ್ನು ಸವರಿ ಒಳಹೋಗುತ್ತಿತ್ತು. ಮೂರನೆಯ ವಾರ, ನಾನು ಕುಳಿತಿರುವಂತೆಯೇ ಹೊರಬಂದು ಮೊಟ್ಟೆಯನ್ನು ತಿಂದಿತು. ಎರಡು ತಿಂಗಳು ತುಂಬುವಷ್ಟರಲ್ಲಿ ನೆಲದ ಮೇಲಿಟ್ಟ ನನ್ನ ಅಂಗೈಯನ್ನು ನಾಲಗೆಯಿಂದ ಸವರಿ, ಅದರ ಮೇಲೆಯೇ ಹಾಯ್ದು ಹೋಗಿ ಬಿಸಿಲುಗಲ್ಲಿನ ಮೇಲೆ ಮಲಗುತ್ತಿತ್ತು. ನಾನು ಎರಡೂ ಕೈಗಳಿಂದ ಎತ್ತಿಕೊಂಡರೂ ಬುಸುಗುಡುತ್ತಿರಲಿಲ್ಲ.

ಆ ಹಿರಿಯರು ಅನುಭವದಿಂದ ಕಂಡುಕೊಂಡಿದ್ದ ಉಪಾಯಗಳಿಗೆ ಕಾರಣಗಳು ಮುಂದೆ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಓದಿದಾಗ ನನಗೆ ತಿಳಿದುವು. ಸರೀಸೃಪಗಳ ಮೈಬಿಸಿ ನಮ್ಮಂತೆ ಒಳಗಿನಿಂದ ಹುಟ್ಟುವುದಲ್ಲ. ಬಿಸಿಲು, ಕಾದ ಕಲ್ಲು ಇವುಗಳಿಂದ ಪಡೆಯಬೇಕಾದುದು. ಮೈ ಕಾಯದಿದ್ದರೆ ಅವು ಚುರುಕಾಗಿ ಓಡಲಾರವು. ತಿಂದುದು ಸರಿಯಾಗಿ ಅರಗದು. ಓಡಿ ಪಾರಾಗುವ ದಾರಿಯಿಲ್ಲದ ಪ್ರಾಣಿಗೆ ಎದುರಿಸಿ ನಿಲ್ಲುವುದೊಂದೇ ದಾರಿ. ಆದುದರಿಂದ ಬಿಸಿಲುಗಲ್ಲು, ಅಡಗುದಾಣ, ನೀರು ಇವು ಪ್ರಾಣಿಯನ್ನು ಪಳಗಿಸುವ ಕೆಲಸದ ಅರ್ಧಭಾಗವೇ ಆಗಿವೆ. ಹಸಿದ, ಬೇನೆಬಿದ್ದ, ತಣ್ಣಗಾದ ಪ್ರಾಣಿಗೆ ಯಾವ ಪಾಠವೂ ಹತ್ತುವುದಿಲ್ಲ.

ಉಡವು ನಾಲಗೆ ಚಾಚುವುದು ಕಚ್ಚುವುದಕ್ಕಲ್ಲ. ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಸೀಳುನಾಲಗೆ ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷವಾದ ಅಂಗವೊಂದಕ್ಕೆ ಮುಟ್ಟಿಸುತ್ತದೆ. ಆ ಅಂಗದ ಮೂಲಕ ಉಡವು ಎದುರಿಗಿರುವುದನ್ನು ಗುರುತಿಸುತ್ತದೆ. ದಿನವೂ ಒಂದೇ ಹೊತ್ತಿಗೆ ಬಂದು ಸುಮ್ಮನೆ ಕುಳಿತವನ ವಾಸನೆಯು ಕ್ರಮೇಣ ‘ಇದರಿಂದ ಕೇಡಿಲ್ಲ’ ಎಂಬ ಗುರುತಾಗುತ್ತದೆ. ಇನ್ನೊಂದು ಸೋಜಿಗವುಂಟು. ಉಡ, ಇಗ್ವಾನ ಮುಂತಾದ ಹಲವು ಹಲ್ಲಿಗಳ ನೆತ್ತಿಯ ಮೇಲೆ ಚಿಕ್ಕ ಚುಕ್ಕೆಯಂಥ ಮೂರನೆಯ ಕಣ್ಣು ಇರುತ್ತದೆ. ಅದು ಆಕಾರಗಳನ್ನು ಕಾಣಲಾರದು. ಬೆಳಕು ನೆರಳುಗಳ ಬದಲಾವಣೆಯನ್ನು ಮಾತ್ರ ಅರಿಯುತ್ತದೆ. ಹದ್ದು ಗಿಡುಗಗಳು ಎರಗುವುದು ಮೇಲಿನಿಂದ. ಆದುದರಿಂದ ಮೇಲಿನಿಂದ ಇಳಿಯುವ ಕೈ, ಅದು ಎಷ್ಟೇ ಪ್ರೀತಿಯ ಕೈಯಾಗಿರಲಿ, ಪ್ರಾಣಿಗೆ ಗಿಡುಗನ ನೆರಳಾಗಿಯೇ ತೋರುತ್ತದೆ. ಕೈಯನ್ನು ಪಕ್ಕದಿಂದ, ನೆಲಮಟ್ಟದಲ್ಲಿ, ಅದರ ಕಣ್ಣಿಗೆ ಕಾಣುವಂತೆ ನಿಧಾನವಾಗಿ ಚಾಚಬೇಕು.

ಇಂದು ಬೆಂಗಳೂರಿನಂತಹ ನಗರಗಳಲ್ಲಿ ಕೆಲವರು ಹಸಿರು ಇಗ್ವಾನವನ್ನು ಸಾಕುವುದುಂಟು. ಅದು ಮಧ್ಯ ಹಾಗೂ ದಕ್ಷಿಣ ಅಮೆರಿಕದ ಸಸ್ಯಾಹಾರಿ ಹಲ್ಲಿ. ಅಂಗೈಯಗಲದ ಮರಿಯನ್ನು ತಂದವರು, ಅದು ಒಂದೂವರೆ ಮೀಟರ್ ಬೆಳೆದು ಬಾಲ ಬೀಸತೊಡಗಿದಾಗ ಕಂಗಾಲಾಗುತ್ತಾರೆ. ಅದನ್ನು ಒಗ್ಗಿಸುವ ಕ್ರಮವೂ ಇದೇ. ಹೊಸ ಮನೆಗೆ ಬಂದ ಒಂದೆರಡು ವಾರ ಅದನ್ನು ಮುಟ್ಟಕೂಡದು. ಗಂಟಲುಚೀಲ ಇಳಿಬಿಡುವುದು, ಮೈಯನ್ನು ಚಪ್ಪಟೆ ಮಾಡಿ ಓರೆಯಾಗಿ ನಿಲ್ಲುವುದು, ಬಾಯಿ ತೆರೆಯುವುದು, ಬಾಲವನ್ನು ಸೆಟೆಸುವುದು ಇವೆಲ್ಲ ಎಚ್ಚರಿಕೆಯ ಮಾತುಗಳು. ಕಚ್ಚುವ ಮೊದಲು ಪ್ರಾಣಿ ನಮಗೆ ಹಲವು ಸಲ ಹೇಳಿರುತ್ತದೆ, ಕೇಳದವರು ನಾವು. ಎತ್ತಿಕೊಳ್ಳುವಾಗ ಹೊಟ್ಟೆಯ ಕೆಳಗೆ ಅಂಗೈಯಿಟ್ಟು ನಾಲ್ಕು ಕಾಲುಗಳಿಗೂ ಆಸರೆ ಕೊಡಬೇಕು. ಆಸರೆ ತಪ್ಪಿದ ಕಾಲು ಪರಚದೆ ಬಿಡದು. ಬಾಲವನ್ನಂತೂ ಹಿಡಿಯಲೇಬಾರದು, ಇಗ್ವಾನದ ಬಾಲ ಕಳಚಿ ಕೈಯಲ್ಲಿ ಉಳಿದೀತು. ಮೊದಲ ದಿನಗಳಲ್ಲಿ ಎರಡು ಮೂರು ನಿಮಿಷಗಳ ಒಡನಾಟ ಸಾಕು. ಅದು ಶಾಂತವಾಗಿರುವಾಗಲೇ ಕೆಳಗಿಳಿಸಬೇಕು. ಒದ್ದಾಡುವಾಗ ಬಿಟ್ಟರೆ, ಒದ್ದಾಡಿದರೆ ಬಿಡುಗಡೆ ಎಂಬುದನ್ನೇ ನಾವು ಅದಕ್ಕೆ ಕಲಿಸಿದಂತಾಗುತ್ತದೆ. ಹೊಡೆಯುವುದಂತೂ ಕೂಡದು. ಹೊಡೆತವು ಅದಕ್ಕೆ ತಪ್ಪನ್ನು ತಿಳಿಸುವುದಿಲ್ಲ, ಅಂಜಿಕೆಯನ್ನಷ್ಟೇ ಹೆಚ್ಚಿಸುತ್ತದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಸರೀಸೃಪಗಳ ಮೈಮೇಲೆ ಹೊಟ್ಟೆಬೇನೆ ತರುವ ಸೂಕ್ಷ್ಮಜೀವಿಗಳು ಇರಬಹುದು. ಎಷ್ಟು ಪಳಗಿದರೂ ಬೆದೆಯ ಕಾಲದಲ್ಲಿ ಗಂಡು ಇಗ್ವಾನವು ಒಡೆಯನ ಮೇಲೆಯೇ ಎರಗುವುದುಂಟು. ಆಗ ದೂರವಿರುವುದೇ ಜಾಣತನ.

ತಾಳ್ಮೆಯಿಂದ ಏನನ್ನು ಸಾಧಿಸಬಹುದು ಎಂಬುದಕ್ಕೆ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಅಪೂರ್ವ ನಿದರ್ಶನ ದೊರೆಯುತ್ತದೆ. ಜೋನ್ ಪ್ರಾಕ್ಟರ್ ಎಂಬ ಮಹಿಳೆ 1897ರಲ್ಲಿ ಜನಿಸಿದರು. ಎಳವೆಯಿಂದಲೇ ಅವರಿಗೆ ಸರೀಸೃಪಗಳಲ್ಲಿ ಆಸಕ್ತಿ. ಬಾಲಕಿಯಾಗಿದ್ದಾಗ ಸಾಕಿದ್ದ ಚಿಕ್ಕ ಮೊಸಳೆಯನ್ನು ಶಾಲೆಯ ಗಣಿತದ ತರಗತಿಗೇ ಒಯ್ದಿದ್ದರಂತೆ. ಅನಾರೋಗ್ಯದ ಕಾರಣ ವಿಶ್ವವಿದ್ಯಾಲಯದ ಶಿಕ್ಷಣ ಅವರಿಗೆ ಒದಗಲಿಲ್ಲ; ಆದರೂ 1923ರಲ್ಲಿ ಆ ಸಂಗ್ರಹಾಲಯದ ಸರೀಸೃಪ ವಿಭಾಗದ ಮೇಲ್ವಿಚಾರಕಿಯಾದರು. 1927ರಲ್ಲಿ ಅಲ್ಲಿಗೆ ಇಂಡೋನೇಷ್ಯದಿಂದ ಎರಡು ಕೊಮೊಡೊ ಉಡಗಳು ಬಂದುವು. ಇವು ನಮ್ಮ ಉಡದ ಕುಲಕ್ಕೇ ಸೇರಿದವು. ಮೂರು ಮೀಟರಿನವರೆಗೆ ಬೆಳೆದು ಜಿಂಕೆ, ಹಂದಿಗಳನ್ನು ಬೇಟೆಯಾಡಬಲ್ಲ ಇವುಗಳಿಗಿಂತ ದೊಡ್ಡ ಹಲ್ಲಿ ಜಗತ್ತಿನಲ್ಲಿ ಇಲ್ಲ. ಇವುಗಳ ಭೀಕರತೆಯನ್ನು ಕುರಿತು ಆಗ ಎಂತೆಂತಹ ಕಥೆಗಳೋ ಹಬ್ಬಿದ್ದುವು.

ಪ್ರಾಕ್ಟರ್ ಅವರು ಸುಂಬಾವ ಎಂಬ ಹೆಸರಿನ ಉಡವನ್ನು ತಾವೇ ಕೈಯಾರೆ ಉಪಚರಿಸಿ ನಂಬಿಕೆಗೆ ತಂದರು. 1928ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಅದು ಅವರ ಕೈಯಿಂದಲೇ ಆಹಾರ ಪಡೆದು ತಿಂದು, ಮೈದಡವಿಸಿಕೊಂಡಿತು. ಸದಾ ಅಸ್ವಸ್ಥರಾಗಿದ್ದ ಅವರು ಗಾಲಿಕುರ್ಚಿಯಲ್ಲಿ ಸಂಗ್ರಹಾಲಯವನ್ನು ಸುತ್ತುವಾಗ ಸುಂಬಾವವೂ ಜೊತೆಯಲ್ಲಿ ನಡೆಯುತ್ತಿತ್ತು. ನೋಡಬಂದ ಮಕ್ಕಳು ಅದರ ಬೆನ್ನು ಸವರುತ್ತಿದ್ದರು. 1931ರಲ್ಲಿ, ಕೇವಲ 34ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು. ಮೈಯಲ್ಲಿ ಬಲವಿಲ್ಲದ ಆ ಮಹಿಳೆ ಅಂತಹ ಬಲಿಷ್ಠ ಪ್ರಾಣಿಯನ್ನು ಗೆದ್ದುದು ಬಲದಿಂದಲ್ಲ ಎಂಬುದು ಸ್ಪಷ್ಟ.

ಇಷ್ಟಕ್ಕೇ ಮುಗಿಸಿದರೆ ಈ ಬರಹ ಸುಖಾಂತವಾಗುತ್ತಿತ್ತು. ಆದರೆ ನನ್ನ ಉಡದ ಕಥೆ ಇನ್ನೂ ಮುಗಿದಿಲ್ಲ.

ಮುಂಗಾರು ಕಾಲಿಡುವ ಹೊತ್ತಿಗೆ ಅದರ ಗಾಯ ಮಾಯಿತು. ಬದುವಿನ ಬಳಿ ಒಯ್ದು ಬಿಟ್ಟುಬರೋಣವೆಂದು ಹಿರಿಯರು ಹೇಳಿದರು. ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆ. ನೆಲಕ್ಕಿಳಿಸಿದ ಮೇಲೂ ಅದು ಓಡಲಿಲ್ಲ. ನಾಲಗೆ ಚಾಚುತ್ತ ನನ್ನ ಕಾಲಬಳಿಯೇ ಸ್ವಲ್ಪ ಹೊತ್ತು ನಿಂತಿತು. ನಾನು ಹೆಮ್ಮೆಯಿಂದ ಹಿರಿಯರ ಮುಖವನ್ನು ನೋಡಿದೆ. ಅವರ ಮುಖದಲ್ಲಿ ನಗೆ ಇರಲಿಲ್ಲ. ಒಂದು ಹೆಂಟೆಯನ್ನು ಎತ್ತಿ ಅದರ ಪಕ್ಕಕ್ಕೆ ಎಸೆದರು. ಅದು ನಾಲ್ಕು ಹೆಜ್ಜೆ ಸರಿದು ಮತ್ತೆ ನಿಂತಿತು. “ಹೋಗು, ಹೋಗು” ಎಂದು ಕೂಗಿ ಇನ್ನೊಂದು ಹೆಂಟೆ ಎಸೆದರು. ಅವರ ವರ್ತನೆ ನನಗೆ ಆಗ ಅರ್ಥವಾಗಲಿಲ್ಲ, ಸಿಟ್ಟೂ ಬಂದಿತು.

ಒಂದು ತಿಂಗಳ ಮೇಲೆ, ಸಂಜೆ ಶಾಲೆಯಿಂದ ಬರುವಾಗ ದಾರಿಯ ಪಕ್ಕದ ಹೊಲದಲ್ಲಿ ಜನ ಸೇರಿದ್ದರು. ಸತ್ತ ಉಡವೊಂದನ್ನು ಕೋಲಿಗೆ ತೂಗಹಾಕಿದ್ದರು. ಮುಂಗಾಲಿನಲ್ಲಿ ಒಂದು ಬೆರಳು ಇರಲಿಲ್ಲ. ಹೊಡೆದವರು ಬೆರಗಿನಿಂದ ಹೇಳಿಕೊಳ್ಳುತ್ತಿದ್ದರು: “ಓಡಲೇ ಇಲ್ಲ ನೋಡ್ರಿ, ನಿಂತಲ್ಲೇ ನಿಂತಿತ್ತು.”

ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಕೋಲೆತ್ತಿದವರನ್ನು ಮನಸ್ಸಿನಲ್ಲಿಯೇ ಶಪಿಸಿದೆ. ವಯಸ್ಸು ಕಳೆದಂತೆ ಆ ಶಾಪ ನನ್ನತ್ತಲೇ ತಿರುಗಿತು. ಮನುಷ್ಯನನ್ನು ಕಂಡರೆ ಓಡಬೇಕೆಂಬ ಅರಿವು ಆ ಪ್ರಾಣಿಗೆ ಹುಟ್ಟಿನಿಂದ ಬಂದ ಕವಚವಾಗಿತ್ತು. ಎರಡು ತಿಂಗಳ ಪ್ರೀತಿಯಿಂದ ಆ ಕವಚವನ್ನು ಕಳಚಿದವನು ನಾನು. ಕಳಚಿದ ಮೇಲೆ ಅದನ್ನು ಕಾಯುವ ಹೊಣೆ ನನ್ನದಾಗಿತ್ತು. ಆ ಹೊಣೆಯನ್ನು ಹೊರಲು ನನ್ನಿಂದಾಗಲಿಲ್ಲ. ನಾನು ಕೈಮೇಲೆ ಆಡಿಸದೆ, ಗಾಯ ಮಾಯುವವರೆಗೆ ಮರೆಯಲ್ಲಿಟ್ಟು ಬಿಟ್ಟಿದ್ದರೆ ಅದು ಬದುಕಿಕೊಳ್ಳುತ್ತಿತ್ತೋ ಏನೋ! ಹಿರಿಯರು ಎಸೆದ ಆ ಎರಡು ಹೆಂಟೆಗಳು ಕಳೆದ ಅಂಜಿಕೆಯನ್ನು ಅದಕ್ಕೆ ಮರಳಿ ಕೊಡುವ ಪ್ರಯತ್ನವಾಗಿದ್ದುವು.

ಪಳಗಿಸುವುದೆಂದರೆ ಪ್ರಾಣಿಯ ಭಯವನ್ನು ತೆಗೆಯುವುದು ಎಂಬುದು ಸರಿಯಷ್ಟೆ. ಹಾಗಾದರೆ ಯಾರ ಭಯವನ್ನು ತೆಗೆಯಬಹುದು, ಯಾರದನ್ನು ತೆಗೆಯಬಾರದು ಎಂಬುದನ್ನು ಮೊದಲು ಯೋಚಿಸಬೇಕು. ತಲೆಮಾರುಗಳಿಂದ ಮನುಷ್ಯನ ಆಶ್ರಯದಲ್ಲಿಯೇ ಹುಟ್ಟಿ, ಬದುಕಿನುದ್ದಕ್ಕೂ ಅವನ ಜೊತೆಯಲ್ಲಿಯೇ ಇರಬೇಕಾದ ಪ್ರಾಣಿಗೆ ಭಯವೆಂಬುದು ದಿನದಿನದ ನೋವು. ಅದನ್ನು ತೆಗೆಯುವುದು ದಯೆ. ಕಾಡು, ಹೊಲ, ಹುತ್ತಗಳಲ್ಲಿ ಬಾಳುವ ಪ್ರಾಣಿಗೆ ಭಯವೇ ಕಾವಲುಗಾರ; ಅದನ್ನು ಕಸಿದುಕೊಳ್ಳುವುದು ದಯೆಯ ವೇಷದಲ್ಲಿ ಬಂದ ಕೇಡು.

ನಮ್ಮ ಕಾಯಿದೆಯ ಹಿಂದಿರುವ ವಿವೇಕವೂ ಇದೇ ಎಂದು ನನಗೆ ತೋರುತ್ತದೆ. ಮಾಂಸಕ್ಕಾಗಿ, ತೊಗಲಿಗಾಗಿ, ಯಾವ ಆಧಾರವೂ ಇಲ್ಲದ ನಾಟಿಮದ್ದುಗಳಿಗಾಗಿ ಉಡಗಳನ್ನು ಲೆಕ್ಕವಿಲ್ಲದೆ ಕೊಲ್ಲುತ್ತ ಬಂದರು. ಖಂಜಿರ ವಾದ್ಯಕ್ಕೂ ಉಡದ ಚರ್ಮವನ್ನೇ ಬಿಗಿಯುವ ವಾಡಿಕೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಉಡವು ಹುಲಿ, ಆನೆಗಳ ಸಾಲಿನಲ್ಲಿದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮನೆಯಲ್ಲಿ ಸಾಕುವುದು ಅಪರಾಧ. 2022ರ ತಿದ್ದುಪಡಿಯ ಪ್ರಕಾರ ಅದನ್ನು ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿಗಳಿಗೆ ಕಡಮೆಯಿಲ್ಲದ ದಂಡವನ್ನೂ ವಿಧಿಸಲಾಗುತ್ತದೆ. ಇಗ್ವಾನದಂತಹ ಪರದೇಶದ ಪ್ರಾಣಿಗಳನ್ನು ಸಾಕುವವರೂ ಈಗ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಗಾಯಗೊಂಡ ಉಡವು ನಿಮ್ಮ ಕಣ್ಣಿಗೆ ಬಿದ್ದರೆ, ನನ್ನಂತೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಮನೆಯೊಳಗೆ ಬಂದ ಉಡಕ್ಕೆ ಬಾಗಿಲು ತೆರೆದಿಟ್ಟು ದೂರ ನಿಂತರೆ ಸಾಕು; ಅದು ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉಡದ ಪಟ್ಟು ಹಟವಲ್ಲ, ಕೋಪವೂ ಅಲ್ಲ. ಅದು ಅಂಜಿಕೆಯ ಹಿಡಿತ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ. ತರಗತಿಯ ಹಿಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿ ಕುಳಿತು, ಎಷ್ಟು ಗದರಿಸಿದರೂ ಬಾಯಿ ಬಿಡದ ಹುಡುಗರನ್ನು ಕಂಡಾಗಲೆಲ್ಲ ನನ್ನ ಹೆಬ್ಬೆರಳಿನ ಕಲೆ ನೆನಪಿಗೆ ಬರುತ್ತಿತ್ತು. ಆಗ ಗದರಿಕೆಯನ್ನು ನಿಲ್ಲಿಸಿ, ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಿದ್ದೆ. ಜಗ್ಗುವುದನ್ನು ನಿಲ್ಲಿಸಿದರೆ ಪಟ್ಟು ತಾನಾಗಿಯೇ ಸಡಿಲುತ್ತದೆ ಎಂಬುದನ್ನು ಆ ಹಿರಿಯರು ನನಗೆ ಕಲಿಸಿದ್ದರು. ಸಡಿಲಿಸಿದ ಮೇಲೆ ಕೈಬಿಡಬಾರದು ಎಂಬುದನ್ನು ಕಲಿಸಿದ್ದು ಬೆರಳಿಲ್ಲದ ಆ ಉಡ.